ಆ್ಯಪ್ ಇರಲಿ, ಜೊತೆಗೆ ನೀವೂ ಇರಿ

ಮಗಳು ಫೋನಿನ ಜೊತೆ ‘ಅ ಆ ಇ ಈ’ ಪೂರ್ತಿ ಹಾಡುತ್ತಾಳೆ, ಹಾಲಿನ ಪ್ಯಾಕೆಟ್ ಮೇಲಿನ ಅಕ್ಷರ ತೋರಿಸಿದರೆ ಪಿಳಿಪಿಳಿ ನೋಡುತ್ತಾಳೆ ಎಂದು ಬರೆದಿದ್ದೀರಿ. ಗಾಬರಿ ಬೇಡ, ಸದ್ಯಕ್ಕೆ ಅವಳಿಗೆ ಬಂದಿರುವುದು ಹಾಡು ಮಾತ್ರ.

ಅಕ್ಷರದ ಗುರುತು ಹಿಡಿಸಲು ಕತೆಯಿಂದ ಶುರುಮಾಡಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕತೆಗಳು ಉಚಿತವಾಗಿ ಸಿಗುತ್ತವೆ. ಮೊದಲ ಹಂತದ ಕತೆ ಆರಿಸಿ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತ ನೀವೇ ಓದಿ. ನಡುವೆ ‘ಬೆಕ್ಕು ಎಲ್ಲಿಗೆ ಹೋಯ್ತು ಪುಟ್ಟಿ?’ ಅಂತ ಕೇಳಿ, ಉತ್ತರಕ್ಕೆ ಕಾಯಿರಿ. ತಾನಾಗಿ ಓದಿ ಹೇಳುವ ಆ್ಯಪ್ ಆದರೆ ಧ್ವನಿ ನಿಲ್ಲಿಸಿಬಿಡಿ. ಅದೇ ಕತೆಯನ್ನು ಮತ್ತೆ ಮತ್ತೆ ಕೇಳಿದರೆ (ಕೇಳಿಯೇ ಕೇಳುತ್ತಾಳೆ!) ಬೇಸರಿಸಬೇಡಿ.

ಶಾಲೆ ಸೇರುವ ಮೊದಲಿನ ಈ ವಯಸ್ಸಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನನ್ನನ್ನು ಕೇಳಿದರೆ 15 ನಿಮಿಷ ಧಾರಾಳ. ಆಮೇಲೆ ಫೋನ್ ಎತ್ತಿಟ್ಟು, ಅವಳ ಹೆಸರಿನ ಮೊದಲ ಅಕ್ಷರವನ್ನು ಅಂಗಡಿ ಬೋರ್ಡುಗಳಲ್ಲಿ ಹುಡುಕಿಸಿ.