ನೋವಿನ ಮಾತ್ರೆಯ ಚಟ: ಪೊಲೀಸರು ಮಾಡಬೇಕಾದುದೇನು, ಕೆಲಸ ಕೊಡುವ ನಾವು ಮಾಡಬೇಕಾದುದೇನು?

ಹೋದ ಸಂಚಿಕೆಯಲ್ಲಿ ಕೋಳಿಗಳ ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸುವ ವಿಚಾರ ಬರೆದಿದ್ದೆವು. ಈ ಸಲ ಅದೇ ಶೆಡ್ಡಿನಲ್ಲಿ ದುಡಿಯುವ ಹುಡುಗನ ಆರೋಗ್ಯದ ವಿಚಾರ.

ನಮ್ಮ ಪಲ್ಲಡಂ ಸೀಮೆಯಲ್ಲಿ ಬರೀ ಬೇಸಾಯವನ್ನು ನಂಬಿದ ಮನೆಗಳು ಈಗ ಕಡಿಮೆ. ತೆಂಗಿನ ತೋಟದ ಜೊತೆಗೆ ಒಂದು ಬ್ರಾಯ್ಲರ್ ಶೆಡ್ಡು, ಇಲ್ಲವೇ ನಾಲ್ಕಾರು ಪವರ್‌ಲೂಮ್ ಮಗ್ಗ ಇರುತ್ತದೆ. ಮನೆಯಲ್ಲಿ ಒಬ್ಬರಾದರೂ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೋಗುವವರು. ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತೇ ದುಡಿದ ಕಾಲು, ಮೂಟೆ ಹೊತ್ತ ಸೊಂಟ ನೋಯದೆ ಇರುವುದಿಲ್ಲ. ರಾತ್ರಿ ಪಾಳಿಯ ಹುಡುಗನಿಗೆ ಜೊತೆಗಾರನೊಬ್ಬ ಮಾತ್ರೆ ಕೊಡುತ್ತಾನೆ ಎಂದು ಇಟ್ಟುಕೊಳ್ಳಿ. ನೋವು ಮಾಯವಾಗುತ್ತದೆ, ಮನಸ್ಸೂ ಹಗುರವಾಗುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ನೋವಿಲ್ಲದ ದಿನವೂ ಮಾತ್ರೆ ಬೇಕೆನಿಸುತ್ತದೆ.

ಎಲ್ಲ ನೋವಿನ ಮಾತ್ರೆಯೂ ಹೀಗಲ್ಲ. ಪ್ಯಾರಸಿಟಮಾಲ್, ಡೈಕ್ಲೋಫೆನಾಕ್ ಅತಿಯಾದರೆ ಯಕೃತ್ತು, ಮೂತ್ರಪಿಂಡ ಕೆಡಿಸುತ್ತವೆಯೇ ಹೊರತು ಇಂಥ ಅಮಲು ತರುವುದಿಲ್ಲ. ಟ್ರಮಡಾಲ್, ಟಪೆಂಟಡಾಲ್ ಮಾತ್ರ ಬೇರೆ ಜಾತಿ. ಮೆದುಳಿನಲ್ಲಿ ಅಫೀಮು, ಹೆರಾಯಿನ್ ಹೋಗಿ ಹಿಡಿಯುವ ಜಾಗವನ್ನೇ ಇವೂ ಹಿಡಿಯುತ್ತವೆ. ಟ್ರಮಡಾಲನ್ನು ಕೇಂದ್ರ ಸರ್ಕಾರ 2018ರಲ್ಲಿ ಮಾದಕ ವಸ್ತುಗಳ ಕಾನೂನಿನ ಕೆಳಗೆ ತಂದಿತು. ಟಪೆಂಟಡಾಲನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಇಂಥ ಮಾತ್ರೆಗಳನ್ನು ಹೊರರಾಜ್ಯದಿಂದ ಕೊರಿಯರ್‌ನಲ್ಲಿ ತರಿಸಿ ಹುಡುಗರಿಗೆ ಮಾರಿದವರನ್ನು ಪೊಲೀಸರು ಹಿಡಿದ ಸುದ್ದಿ ಕೋಯಮತ್ತೂರು ಕಡೆಯ ಪತ್ರಿಕೆಗಳಲ್ಲಿ ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಬಂದಿದೆ. ಇದನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುವವರೂ ಇದ್ದಾರೆ. ಅಂಥವರಿಗೆ ರಕ್ತನಾಳ ಕಟ್ಟಿ ಕೈ ಕೀವಾಗುತ್ತದೆ. ಒಂದೇ ಸೂಜಿ ಹಂಚಿಕೊಂಡರೆ ಎಚ್.ಐ.ವಿ., ಕಾಮಾಲೆ ಹರಡುತ್ತದೆ. ಕೋಳಿ ಲಸಿಕೆಯ ಸಿರಿಂಜು, ದನದ ಸೂಜಿಗಳನ್ನು ಬೀಗ ಹಾಕಿ ಇಡಿ ಎಂದು ಹೇಳಲು ಇದೂ ಒಂದು ಕಾರಣ.

2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ, ದೆಹಲಿಯ ಏಮ್ಸ್ ಆಸ್ಪತ್ರೆಯವರು ನಡೆಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಅಫೀಮು ವಂಶದ ವಸ್ತುಗಳನ್ನು ಬಳಸುತ್ತಿದ್ದರು. ಹೆರಾಯಿನ್ ಬಳಸುವವರು ನೂರಕ್ಕೆ 1.14, ಔಷಧ ರೂಪದ ಮಾತ್ರೆ ಮತ್ತು ಚುಚ್ಚುಮದ್ದು ಬಳಸುವವರು 0.96. ಅಂದರೆ ಔಷಧ ಅಂಗಡಿಯಲ್ಲಿ ಇರಬೇಕಾದ ವಸ್ತು ಕಳ್ಳಸಾಗಣೆಯ ಹೆರಾಯಿನ್ನಿಗೆ ಹೆಚ್ಚು ಕಡಿಮೆ ಸರಿಸಾಟಿಯಾಗಿ ನಿಂತಿದೆ.

ಗುರುತಿಸುವುದು ಹೇಗೆ? ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ತೂಕಡಿಕೆ, ಮಲಬದ್ಧತೆ, ಬಿಸಿಲಲ್ಲೂ ಉದ್ದ ತೋಳಿನ ಅಂಗಿ, ಬಟವಾಡೆಯ ಮರುದಿನವೇ ಸಾಲ. ಮಾತ್ರೆ ಸಿಗದ ದಿನ ಆಕಳಿಕೆ, ಮೂಗು ಸೋರುವುದು, ಮೈ ಜುಮ್ಮೆನ್ನುವುದು, ಭೇದಿ, ನಿದ್ದೆ ಬಾರದಿರುವುದು. ನಾವು ಇದನ್ನು ಜ್ವರ ಎಂದೋ ಮೈಗಳ್ಳತನ ಎಂದೋ ತಿಳಿದು ಬಿಟ್ಟುಬಿಡುತ್ತೇವೆ.

ಪೊಲೀಸರ ಪಾಲು

ಮಾರುವವನೂ ತಿನ್ನುವವನೂ ಒಂದೇ ಅಲ್ಲ. ಮಾರುವವನನ್ನು ಪೊಲೀಸರು ಹಿಡಿಯಲೇಬೇಕು. ಚೀಟಿ ಇಲ್ಲದೆ ಮಾರುವ ಅಂಗಡಿಯ ಮೇಲೆ ಔಷಧ ಇನ್ಸ್‌ಪೆಕ್ಟರರಿಗೂ ದೂರು ಕೊಡಬಹುದು. ಆದರೆ ಚಟ ಹಿಡಿದವನನ್ನು ಜೈಲಿಗೆ ತಳ್ಳಿದರೆ ರೋಗ ವಾಸಿಯಾಗುವುದಿಲ್ಲ. ಕಾನೂನು ಮಾಡಿದವರಿಗೂ ಇದು ಗೊತ್ತಿತ್ತು. 1985ರ ಮಾದಕ ವಸ್ತುಗಳ ಕಾಯಿದೆಯ 64ಎ ಕಲಮು ಇದಕ್ಕಾಗಿಯೇ ಇದೆ. ಸೇವನೆಯ ಆರೋಪ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಮೊಕದ್ದಮೆಯಿಂದ ರಕ್ಷಣೆ ಉಂಟು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. 39ನೇ ಕಲಮಿನ ಪ್ರಕಾರ ನ್ಯಾಯಾಲಯವೂ ಅಂಥವನನ್ನು ಅವನ ಒಪ್ಪಿಗೆಯ ಮೇಲೆ ಜೈಲಿನ ಬದಲು ಚಿಕಿತ್ಸೆಗೆ ಬಿಡಬಹುದು. ಈ ಕಲಮುಗಳನ್ನು ಬಾಯಿಬಿಟ್ಟು ಕೇಳುವ ತಂದೆ ತಾಯಿ ಕಡಿಮೆ. ಠಾಣೆಯಿಂದ ಕರೆ ಬಂದ ದಿನ ಹುಡುಗನನ್ನು ಬಯ್ಯುವುದನ್ನು ನಾಳೆಗೆ ಇಟ್ಟು, ಮೊದಲು ವಕೀಲರನ್ನು ಈ 64ಎ ಬಗ್ಗೆ ಕೇಳಿ.

ಪೊಲೀಸರು ಇನ್ನೂ ಮುಂದೆ ಹೋದ ಊರೂ ಒಂದಿದೆ. ಅಮೆರಿಕದ ಗ್ಲಾಸ್ಟರ್ ಎಂಬ ಮೀನುಗಾರರ ಊರಿನಲ್ಲಿ 2015ರಲ್ಲಿ ಪೊಲೀಸ್ ಮುಖ್ಯಸ್ಥ ಲಿಯೊನಾರ್ಡ್ ಕ್ಯಾಂಪನೆಲೊ, ಚಟ ಹಿಡಿದವರು ತಾವಾಗಿ ಠಾಣೆಗೆ ಬಂದು ಸಹಾಯ ಕೇಳಿದರೆ ಬಂಧಿಸುವುದಿಲ್ಲ, ಆಸ್ಪತ್ರೆಗೆ ಸೇರಿಸುತ್ತೇವೆ ಎಂದು ಸಾರಿದರು. ಮೊದಲ ವರ್ಷವೇ 370ಕ್ಕೂ ಹೆಚ್ಚು ಜನ ಠಾಣೆಯ ಬಾಗಿಲಿಗೆ ಬಂದರು. ಪೊಲೀಸ್ ಜೀಪು ಕಂಡರೆ ತೋಟದೊಳಗೆ ಓಡುವ ಹುಡುಗರನ್ನು ನೋಡಿದ ನಮಗೆ ಇದು ಕತೆಯಂತೆ ಕೇಳಿಸೀತು.

ಜೈಲಿನ ವಿಚಾರದಲ್ಲಿ ಇನ್ನೊಂದು ಮಾತು. ಇದು ಪ್ರಾಣದ ಪ್ರಶ್ನೆ. ಕೆಲವು ವಾರ ಮಾತ್ರೆ ನಿಂತರೆ ಮೈ ಮೊದಲಿನ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಳ್ಳುತ್ತದೆ. ಬಿಡುಗಡೆಯಾಗಿ ಬಂದವನು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಜೈಲಿನಿಂದ ಬಂದ ಮೊದಲ ಎರಡು ವಾರಗಳಲ್ಲಿ ಇಂಥ ಸಾವುಗಳು ಹೆಚ್ಚು. ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸಿದ ಹುಡುಗನಿಗೂ, ಮಧ್ಯದಲ್ಲೇ ಚಿಕಿತ್ಸೆ ಬಿಟ್ಟು ಬಂದವನಿಗೂ ಇದೇ ಅಪಾಯ. ಕೆಲವರು ಸರಪಳಿ ಹಾಕುವ ಜಾಗಗಳಿಗೆ ಕರೆದೊಯ್ಯುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮಾದಕ ವಸ್ತುವಿನಿಂದ ಬರುವ ತೊಂದರೆಯನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ, ಸರಪಳಿಯನ್ನು ನಿಷೇಧಿಸಿದೆ.

ಕೆಲಸ ಕೊಡುವವರ ಪಾಲು

ಕೆಲಸ ಕೊಡುವವರು ಎಂದರೆ ತಿರುಪ್ಪೂರಿನ ದೊಡ್ಡ ಕಂಪನಿಯವರು ಮಾತ್ರ ಎಂದು ತಿಳಿಯಬಾರದು. ಇಬ್ಬರು ಆಳುಗಳಿರುವ ಶೆಡ್ಡಿನ ಯಜಮಾನರೂ ಕೆಲಸ ಕೊಡುವವರೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಪ್ರಕಟಿಸಿದ ನಿಯಮಾವಳಿಯಲ್ಲಿ ಮದ್ಯ ಮತ್ತು ಮಾದಕ ವಸ್ತುವಿನ ತೊಂದರೆಯನ್ನು ಆರೋಗ್ಯದ ತೊಂದರೆಯೆಂದೇ ನೋಡಬೇಕು, ಸಹಾಯ ಕೇಳಿದವನ ಗುಟ್ಟು ಕಾಪಾಡಬೇಕು, ಶಿಕ್ಷೆಗಿಂತ ಮೊದಲು ಚಿಕಿತ್ಸೆಗೆ ಅವಕಾಶ ಕೊಡಬೇಕು ಎಂದು ಇದೆ. ನಮ್ಮಲ್ಲಿ ನಡೆಯುವುದು ಇದರ ತಲೆಕೆಳಗು: ಗೊತ್ತಾದ ದಿನವೇ ಲೆಕ್ಕ ಚುಕ್ತಾ ಮಾಡಿ ಕಳಿಸುವುದು. ಬಿಹಾರ, ಒಡಿಶಾದಿಂದ ಬಂದವನಾದರೆ ಕೆಲಸದ ಜೊತೆಗೆ ಮಲಗುವ ಕೋಣೆಯೂ ಹೋಯಿತು. ಬೀದಿಗೆ ಬಿದ್ದವನಿಗೆ ಉಳಿಯುವ ಪರಿಚಯ ಮಾತ್ರೆ ಮಾರುವವನೊಬ್ಬನದೇ.

ಬದಲಿಗೆ, ಎಚ್ಚರವಾಗಿ ಇರುವ ಹೊತ್ತಿನಲ್ಲಿ ಅವನನ್ನು ಒಬ್ಬನನ್ನೇ ಕೂರಿಸಿ ಮಾತಾಡಿ. ಮಗ್ಗ, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರು ಇವುಗಳಿಂದ ಸ್ವಲ್ಪ ಕಾಲ ದೂರವಿಡಿ. ಇದು ಶಿಕ್ಷೆಯಲ್ಲ, ಬೆರಳು ಉಳಿಯಲಿ ಎಂದು. ಚಿಕಿತ್ಸೆಗೆ ಹೋಗಿ ಬಂದರೆ ಕೆಲಸ ಇರುತ್ತದೆ ಎಂದು ಸ್ಪಷ್ಟವಾಗಿ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಮುಂಗಡ ಹಣದ ಋಣದಲ್ಲಿ ಕಟ್ಟಿಹಾಕಬೇಡಿ. ಅವನು ಒಪ್ಪಿದರೆ ಕೂಲಿಯನ್ನು ಕೈಗೆ ಕೊಡದೆ ಬ್ಯಾಂಕಿಗೆ ಹಾಕಿ. ಮೇಸ್ತ್ರಿಯೇ ಪಾಳಿ ಮುಗಿಸಲೆಂದು ಮಾತ್ರೆ ಹಂಚುವುದು ಕಂಡುಬಂದರೆ ಅವನ ಮೇಲೆ ಮಾತ್ರ ದಯೆ ಬೇಡ.

ಚಿಕಿತ್ಸೆ ಇದೆ. ಬ್ಯುಪ್ರೆನಾರ್ಫಿನ್ ಎಂಬ ಔಷಧವನ್ನು ವೈದ್ಯರ ಕಣ್ಗಾವಲಿನಲ್ಲಿ ತಿಂಗಳುಗಟ್ಟಲೆ ಕೊಟ್ಟರೆ ಮೈನೋವು, ಹಂಬಲ ಅಡಗುತ್ತದೆ, ಮನುಷ್ಯ ಕೆಲಸಕ್ಕೆ ಹೋಗಬಲ್ಲ. ಪಂಜಾಬಿನಲ್ಲಿ 2017ರಿಂದ ಇದನ್ನು ಹೊರರೋಗಿ ಕೇಂದ್ರಗಳಲ್ಲೇ ಕೊಡುತ್ತಿದ್ದಾರೆ. 'ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಂತೆ' ಎಂದು ಕೆಲವರು ಆಡಿಕೊಳ್ಳುವುದುಂಟು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಚಟ ಎಂದು ಯಾರೂ ಹೇಳುವುದಿಲ್ಲ.

ಕ್ಯಾನ್ಸರ್ ರೋಗಿಗೆ ವೈದ್ಯರು ಮಾರ್ಫಿನ್ ಬರೆದಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ. ಅಂಥವರಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾಯಿದೆಯನ್ನು ತಿದ್ದಲಾಯಿತು.

ಯಾರಾದರೂ ಕೂಗಿದರೂ ಏಳದೆ, ಉಸಿರು ತೀರ ನಿಧಾನವಾಗಿ, ಗೊರಗೊರ ಸದ್ದು ಬಂದು, ತುಟಿ ನೀಲಿಯಾಗಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಒಂದು ಮಗ್ಗುಲಿಗೆ ಮಲಗಿಸಿ. ಉಸಿರೇ ನಿಂತರೆ, ತಿಳಿದವರು ಬಾಯಿಗೆ ಬಾಯಿಟ್ಟು ಉಸಿರು ಕೊಡಲಿ. ಮಜ್ಜಿಗೆ, ಹುಣಸೆ ನೀರು ಏನನ್ನೂ ಕುಡಿಸಬೇಡಿ. ಮಾತ್ರೆಯ ಖಾಲಿ ಪಟ್ಟಿಯನ್ನು ಆಸ್ಪತ್ರೆಗೆ ಒಯ್ಯಿರಿ; ಸಂಕೋಚದಿಂದ ಮುಚ್ಚಿಡಬೇಡಿ. ನಾಲಾಕ್ಸೋನ್ ಎಂಬ ಚುಚ್ಚುಮದ್ದು ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲದು.

ಚಟ ಬಿಡಿಸುವ ಸಲಹೆಗೆ ರಾಷ್ಟ್ರೀಯ ಉಚಿತ ದೂರವಾಣಿ 14446. ಮನಸ್ಸಿನ ಯಾವುದೇ ತೊಂದರೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416; ಇದರಲ್ಲಿ ಕನ್ನಡ, ತಮಿಳು, ಹಿಂದಿ ಮೂರರಲ್ಲೂ ಮಾತಾಡಬಹುದು. ಮಾರಾಟದ ಸುಳಿವು ಕೊಡಲು 1933. ಶೆಡ್ಡಿನ ಗೋಡೆಯ ಮೇಲೆ ಪಶುವೈದ್ಯರ ನಂಬರಿನ ಪಕ್ಕದಲ್ಲೇ ಇವನ್ನೂ ದೊಡ್ಡ ಅಂಕಿಗಳಲ್ಲಿ, ಹಿಂದಿ ಮಾತಾಡುವ ಆಳುಗಳಿದ್ದರೆ ಅವರ ಭಾಷೆಯಲ್ಲೂ ಬರೆಸಿಡಿ.