ಕೀಲು ತಪ್ಪಿದ ಕಾಲ್ಬೆರಳು

ಗಂಗಾವತಿಗೆ ಸಮೀಪದ ಅಂಜನಾದ್ರಿ ಬೆಟ್ಟಕ್ಕೆ ಸುಮಾರು 575 ಮೆಟ್ಟಿಲುಗಳಿವೆ. ಬರಿಗಾಲಿನಲ್ಲಿ ಹತ್ತಿಳಿಯುವವರು ಕಲ್ಲಿನ ಅಂಚಿಗೆ ಎಡವುವುದು ಅಪರೂಪವಲ್ಲ. ಕುಷ್ಟಗಿ, ಯಲಬುರ್ಗಾಗಳ ಹೊಲದ ಬದುವಿನಲ್ಲಾಗಲಿ, ಕೊಪ್ಪಳದ ಕಬಡ್ಡಿ ಅಂಕಣದಲ್ಲಾಗಲಿ ಇದೇ ಕಥೆ. ಬಹುಮಟ್ಟಿಗೆ ಚರ್ಮ ತರಚುವುದರಲ್ಲಿಯೇ ಪೆಟ್ಟು ಮುಗಿಯುತ್ತದೆ. ಕೆಲವೊಮ್ಮೆ ಮಾತ್ರ ಬೆರಳು ಸೊಟ್ಟಗಾಗಿ ನಿಂತುಬಿಡುತ್ತದೆ. ಆಗ ಒಳಗೆ ನಡೆದಿರುವುದೇನು?

ಪಾದವೊಂದರ 26 ಮೂಳೆಗಳಲ್ಲಿ 14 ಬೆರಳುಗಳಿಗೆ ಸೇರಿದವು: ಹೆಬ್ಬೆರಳಿಗೆ ಎರಡು, ಉಳಿದವುಗಳಿಗೆ ಮೂರು ಮೂರು. (ಕಿರುಬೆರಳಿನ ಕೊನೆಯ ಎರಡು ಮೂಳೆಗಳು ಬೆಸೆದುಕೊಂಡಿರುವವರೂ ಹಲವರುಂಟು.) ಎರಡು ಮೂಳೆಗಳು ಕೂಡುವೆಡೆಯನ್ನು ಒಂದು ಚೀಲವು ಸುತ್ತುವರಿದಿರುತ್ತದೆ. ಇಕ್ಕೆಲಗಳಲ್ಲಿ ಗಟ್ಟಿಯಾದ ಕಟ್ಟುಗಳೂ ಅಂಗಾಲಿನ ಕಡೆ ದಪ್ಪನೆಯ ನಾರುಪಟ್ಟಿಯೊಂದೂ ಕೀಲನ್ನು ಹಿಡಿದಿರುತ್ತವೆ. ಎಡವಿದಾಗ ಬೆರಳಿನ ತುದಿ ಅಲ್ಲಿಯೇ ನಿಲ್ಲುತ್ತದೆ. ಮೈಭಾರವು ಮುಂದಕ್ಕೆ ನೂಕುತ್ತದೆ. ಬೆರಳು ಮೇಲಕ್ಕೆ ಮಡಿಚಿ, ನಾರುಪಟ್ಟಿ ಹರಿದು, ಮುಂದಿನ ಮೂಳೆಯು ಹಿಂದಿನದರ ಮೇಲೇರಿ ಕುಳಿತುಕೊಳ್ಳುತ್ತದೆ. ಸ್ನಾಯುಗಳು ಬಿಗಿದುಕೊಳ್ಳುವುದರಿಂದ ಅದು ತಾನಾಗಿ ಹಿಂದಿರುಗುವುದು ಕಷ್ಟ.

ಎಳೆದು ಕೂರಿಸಿದರಾಯಿತು ಎನ್ನುವ ಹಿರಿಯರು ಊರಿಗೊಬ್ಬರಾದರೂ ಇರುತ್ತಾರೆ. ಇದು ಅಪಾಯದ ಸಲಹೆ. ಮೂಳೆಯೂ ಮುರಿದಿದೆಯೇ ಎಂಬುದು ಬರಿಗಣ್ಣಿಗೆ ತಿಳಿಯದು. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷಕಿರಣವೇ ಅದನ್ನು ತೋರಿಸಬೇಕು. ಅಲ್ಲದೆ ನೇರವಾಗಿ ಜಗ್ಗಿದರೆ ಹರಿದ ನಾರುಪಟ್ಟಿಯು ಮೂಳೆಗಳ ನಡುವೆ ಸಿಕ್ಕಿಕೊಳ್ಳಬಹುದು. ಹೆಬ್ಬೆರಳಿನ ಬುಡದ ಕೀಲಿನಲ್ಲಿ ಹೀಗಾದರೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ವೈದ್ಯರು ಬೆರಳಿನ ಬುಡಕ್ಕೆ ಚುಚ್ಚುಮದ್ದಿನಿಂದ ಮರವು ಕೊಟ್ಟು, ಅದನ್ನು ತಪ್ಪಿದ ದಿಕ್ಕಿಗೇ ತುಸು ಬಾಗಿಸಿ, ಬಳಿಕ ಮುಂದಕ್ಕೊತ್ತಿ ಸ್ವಸ್ಥಾನಕ್ಕೆ ತರುತ್ತಾರೆ. ಮತ್ತೊಮ್ಮೆ ಕ್ಷಕಿರಣ ಚಿತ್ರ ತೆಗೆದು ನೋಡಿ, ನಡುವೆ ಹತ್ತಿಯಿಟ್ಟು ನೆರೆಯ ಬೆರಳಿಗೆ ಸೇರಿಸಿ ಪಟ್ಟಿ ಕಟ್ಟುತ್ತಾರೆ. ಸಾಮಾನ್ಯವಾಗಿ ಎರಡು ಮೂರು ವಾರ ಅದು ಹಾಗೆಯೇ ಇರಬೇಕು.

ಆಸ್ಪತ್ರೆ ಸೇರುವ ಮುನ್ನ ಮಾಡಬೇಕಾದುದು ಅಲ್ಪವೇ. ಕಾಲುಂಗುರವಿದ್ದರೆ ಬಾವು ಏರುವ ಮೊದಲೇ ತೆಗೆಯಬೇಕು. ತಡವಾದರೆ ಅದೇ ಬೆರಳಿನ ರಕ್ತಸಂಚಾರವನ್ನು ತಡೆಯುವುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಟ್ಟು, ಕಾಲನ್ನು ಎತ್ತರದಲ್ಲಿರಿಸಬೇಕು. ಎಣ್ಣೆ ಹಚ್ಚಿ ನೀವುವುದೂ ಬಿದಿರುಕಡ್ಡಿಯಿಂದ ಬಿಗಿದು ಕಟ್ಟುವುದೂ ಸಲ್ಲದು. ಬೆರಳು ಬಿಳಿಚಿದರೆ, ನೀಲಿಗಟ್ಟಿದರೆ, ಸ್ಪರ್ಶ ತಿಳಿಯದಾದರೆ, ಅಥವಾ ಗಾಯ ಬಿರಿದು ಮೂಳೆ ಕಂಡರೆ ಒಂದು ಗಳಿಗೆಯೂ ಕಾಯಬಾರದು. ಮಧುಮೇಹವಿರುವ ಹಿರಿಯರಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗಿರಬಹುದಾದ್ದರಿಂದ, ಎಡವಿದ ಬೆರಳು ನೋಯುತ್ತಿಲ್ಲವೆಂದರೂ ಅದನ್ನು ಕಣ್ಣಿನಿಂದಲೇ ಪರೀಕ್ಷಿಸಿ ನೋಡಬೇಕು.