ಮಿಡ್ಲ್ ಸ್ಕೂಲ್ ಮಕ್ಕಳಿಗೆ ಜೋಡಿ ಪುಸ್ತಕಗಳು



ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ ಎಂದು ನಾವೆಲ್ಲ ಸೇರಿದಾಗ ಊಟದ ಸಾಲಿನಲ್ಲಿ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. "ನಮ್ಮವನು ಆರನೇ ಕ್ಲಾಸಿಗೆ ಬಂದ. ಕಾಮಿಕ್ಸ್ ಬಿಟ್ಟು ಬೇರೆ ಏನೂ ಮುಟ್ಟಲ್ಲ. ಸ್ವಲ್ಪ ತಲೆಗೆ ಕೆಲಸ ಕೊಡುವಂಥ ಪುಸ್ತಕ ಯಾವುದಾದರೂ ಇದ್ದರೆ ಹೇಳಿ." ನಾನು ಸಾಹಿತ್ಯ ಓದಿದವನಲ್ಲ, ಇಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಆದರೆ ಷಾರ್ಲೆಟ್‌ನಲ್ಲಿ ನಾವು ನಾಲ್ಕು ಮನೆಯವರು ಎರಡು ವರ್ಷದಿಂದ ತಿಂಗಳಿಗೊಂದು ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಓದುತ್ತಿದ್ದೇವೆ. ಆ ಅನುಭವದ ಮೇಲೆ ಈ ಲೇಖನ.

ನಮ್ಮ ಪದ್ಧತಿ ಇಷ್ಟೇ. ಒಂದು ಅಮೆರಿಕದ ಪುಸ್ತಕ, ಅದರ ಜೊತೆಗೆ ನಮ್ಮ ಕಡೆಯ ಒಂದು ಪುಸ್ತಕ. ಮೊದಲನೆಯದನ್ನು ಮಕ್ಕಳೇ ಓದುತ್ತಾರೆ. ಎರಡನೆಯದು ಕನ್ನಡದ್ದಾದರೆ ನಾವು ಓದಿ ಹೇಳುತ್ತೇವೆ. ನಮ್ಮ ಬಹುಪಾಲು ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಅಕ್ಷರ ಬರುವುದಿಲ್ಲ. ಅದಕ್ಕಾಗಿ ಕಾದು ಕುಳಿತರೆ ಹೈಸ್ಕೂಲು ಮುಗಿದಿರುತ್ತದೆ!

ಜೋಡಿ ಏಕೆ ಎಂದು ಕೇಳಬಹುದು. ಅಮೆರಿಕದಲ್ಲಿ ನಡೆದ ಅನ್ಯಾಯಗಳ ಬಗ್ಗೆ ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ನಮ್ಮ ಊರಿನ ಬಗ್ಗೆ ನಾವು ಅವರಿಗೆ ಹೇಳುವುದು ಹಬ್ಬ, ಹಾಡು, ಹೋಳಿಗೆ. ಹೀಗಾಗಿ ತಪ್ಪೆಲ್ಲ ಬೇರೆಯವರ ಮನೆಯಲ್ಲೇ ನಡೆಯುತ್ತದೆ ಎಂಬ ಭಾವನೆ ಬಂದುಬಿಡುತ್ತದೆ. ಆರು ವರ್ಷದ ಮಗುವಿಗೆ ಪಂಚತಂತ್ರದ ಹಾಗೆ ಕೊನೆಯಲ್ಲೊಂದು ನೀತಿ ಇದ್ದರೆ ಚೆಂದ. ಹನ್ನೆರಡಕ್ಕೆ ಬೇಕಾದದ್ದು ಕೊನೆಯ ಪುಟ ಮುಗಿದರೂ ಉತ್ತರ ಸಿಗದ ಪುಸ್ತಕ.

ಆರನೇ ತರಗತಿಗೆ ಕ್ಯಾಥರೀನ್ ಪ್ಯಾಟರ್ಸನ್ ಅವರ 'ಬ್ರಿಡ್ಜ್ ಟು ಟೆರಾಬಿಥಿಯಾ' (1977) ಒಳ್ಳೆಯದು. ಲೇಖಕಿ ವಾಷಿಂಗ್ಟನ್ ಪಕ್ಕದ ಟಕೋಮಾ ಪಾರ್ಕ್‌ನಲ್ಲಿದ್ದಾಗ ಅವರ ಮಗನ ಗೆಳತಿ, ಎಂಟು ವರ್ಷದ ಹುಡುಗಿ, ಸಿಡಿಲು ಬಡಿದು ತೀರಿಹೋದಳು. ಆ ದುಃಖದಿಂದ ಹುಟ್ಟಿದ ಕಥೆ ಇದು. ಕಥೆಯ ಹುಡುಗ ಜೆಸ್, ಟೀಚರ್ ಜೊತೆ ವಾಷಿಂಗ್ಟನ್‌ಗೆ ಚಿತ್ರಕಲೆ ನೋಡಲು ಹೋದ ದಿನವೇ ಗೆಳತಿ ಹಳ್ಳದಲ್ಲಿ ಸಾಯುತ್ತಾಳೆ. ತಾನು ಅವಳನ್ನೂ ಕರೆದಿದ್ದರೆ? ಇದಕ್ಕೆ ಜೋಡಿ ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' (1935). ಇಂಗ್ಲಿಷಿನಲ್ಲೇ ಇರುವುದರಿಂದ ಮಕ್ಕಳೇ ಓದಿಕೊಳ್ಳುತ್ತಾರೆ. ಶಂಕರನಾಗ್ ಧಾರಾವಾಹಿಯ ನೆನಪಿರುವ ನಾವು ಪಕ್ಕದಲ್ಲಿ ಕೂತು ಆ ಟ್ಯೂನ್ ಹಾಡಬಹುದು. ಮ್ಯಾಚಿಗೆ ಬಾರದ ಸ್ವಾಮಿಯ ಮೇಲೆ ರಾಜಂಗೆ ಸಿಟ್ಟು. ಊರು ಬಿಟ್ಟು ಹೊರಟಾಗ ಸ್ವಾಮಿ ರೈಲ್ವೆ ಸ್ಟೇಷನ್ನಿಗೆ ಓಡಿ ಒಂದು ಪುಸ್ತಕ ಕೊಡುತ್ತಾನೆ. ರಾಜಂ ಕ್ಷಮಿಸಿದನೋ ಇಲ್ಲವೋ ಗೊತ್ತಾಗುವುದಿಲ್ಲ. ಗೆಳೆಯರನ್ನು ಬಿಟ್ಟು ಮನೆ ಬದಲಾಯಿಸಿದ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ?

ಏಳನೇ ತರಗತಿಗೆ ಲೋಯಿಸ್ ಲೌರಿ ಅವರ 'ದಿ ಗಿವರ್' (1993). ಆ ಊರಿನಲ್ಲಿ ನೋವಿಲ್ಲ, ಬಣ್ಣವಿಲ್ಲ, ಆಯ್ಕೆಯೂ ಇಲ್ಲ. ಹನ್ನೆರಡು ತುಂಬಿದಾಗ ಯಾರು ಯಾವ ಕೆಲಸ ಮಾಡಬೇಕೆಂದು ಹಿರಿಯರೇ ತೀರ್ಮಾನಿಸುತ್ತಾರೆ. (ನಮ್ಮಲ್ಲಿ ಪಿಯುಸಿ ತನಕವಾದರೂ ಕಾಯುತ್ತಿದ್ದರು ಎಂದು ನಾನಂದೆ. ದೊಡ್ಡವರು ಮಾತ್ರ ನಕ್ಕರು.) ಇದರ ಜೊತೆಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಹಳ್ಳಿಯ ಮಂದಣ್ಣನನ್ನು ಊರೆಲ್ಲ ದಡ್ಡ ಎನ್ನುತ್ತದೆ. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ಸಂಶೋಧಕನನ್ನು ಕಾಣುತ್ತಾರೆ. ಎಲ್ಲರೂ ಸೇರಿ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುತ್ತಾರೆ. ಕೊನೆಗೆ ಅದು ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಸೈನ್ಸ್ ಫೇರ್‌ನಲ್ಲಿ ಪಳಗಿದ ನಮ್ಮ ಮಕ್ಕಳು "ಹಾಗಾದರೆ ಪ್ರಾಜೆಕ್ಟ್ ಫೇಲ್" ಅಂದರು. ಒಬ್ಬ ಮಾತ್ರ "ಇಲ್ಲ, ಅವರು ನೋಡಿದರಲ್ಲ" ಅಂದ. ಒಂದು ಗಂಟೆ ಜಗಳ ನಡೆಯಿತು. ನಾವು ಪಂಚಾಯಿತಿ ಮಾಡಲು ಹೋಗಲಿಲ್ಲ.

ಈಗ ನಾನು ಹೇಳಲೇಬೇಕಾದ ಜೋಡಿಗೆ ಬರುತ್ತೇನೆ. ಮಿಲ್ಡ್ರೆಡ್ ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' (1976) ಪುಸ್ತಕದ ಕಥೆ ನಡೆಯುವುದು 1933ರಲ್ಲಿ, ಮಿಸಿಸಿಪ್ಪಿಯಲ್ಲಿ. ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾದದ್ದೂ 1933ರಲ್ಲೇ. ಎರಡಕ್ಕೂ ಕೇಂದ್ರ ಭೂಮಿ. ಕಪ್ಪು ಜನರಾದ ಲೋಗನ್ ಕುಟುಂಬದ ಬಳಿ 400 ಎಕರೆ ಇದೆ. ಅದನ್ನು ಉಳಿಸಿಕೊಳ್ಳಲು ಅಪ್ಪ ದೂರದ ಲೂಯಿಸಿಯಾನಾಕ್ಕೆ ಹೋಗಿ ರೈಲು ಹಳಿ ಹಾಕುವ ಕೆಲಸ ಮಾಡುತ್ತಾನೆ. ದಕ್ಷಿಣ ಕನ್ನಡದ ಚೋಮನ ಬಳಿ ಒಂದು ಜೊತೆ ಎತ್ತಿದೆ, ಉಳಲು ನೆಲವಿಲ್ಲ. ಅಸ್ಪೃಶ್ಯ ಜಾತಿಯಲ್ಲಿ ಹುಟ್ಟಿದವನು ಬೇಸಾಯಗಾರನಾಗುವಂತಿಲ್ಲ. ಧಣಿ ಸಂಕಪ್ಪಯ್ಯ ಕೆಟ್ಟವನಲ್ಲ, ಕೊಡಲು ಮನಸ್ಸೂ ಇದೆ. ಆದರೆ ಅವನ ತಾಯಿ ಒಪ್ಪುವುದಿಲ್ಲ. ಮನಸ್ಸಿದ್ದೂ ಸುಮ್ಮನಿದ್ದವನದ್ದು ಎಷ್ಟು ತಪ್ಪು? ಈ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ದೊಡ್ಡವರೇ ಹೆಚ್ಚು ತಡವರಿಸಿದರು.

ಟೇಲರ್ ಪುಸ್ತಕದಲ್ಲೊಂದು ಪ್ರಸಂಗ ಮಕ್ಕಳ ಮನಸ್ಸಿಗೆ ತುಂಬಾ ನಾಟಿತು. ಬಿಳಿಯ ಮಕ್ಕಳು ಹನ್ನೊಂದು ವರ್ಷ ಬಳಸಿ ಹರಿದುಹೋದ ಪಠ್ಯಪುಸ್ತಕವನ್ನು ಕಪ್ಪು ಮಕ್ಕಳ ಶಾಲೆಗೆ ಕೊಡುತ್ತಾರೆ. ಯಾರಿಗೆ ಯಾವ ಸ್ಥಿತಿಯಲ್ಲಿ ಕೊಟ್ಟರೆಂದು ಒಳಗೊಂದು ಪಟ್ಟಿ ಬೇರೆ. ಅದನ್ನು ಓದಿದ ಆರು ವರ್ಷದ ಪುಟ್ಟ ಹುಡುಗ ಪುಸ್ತಕವನ್ನು ನೆಲಕ್ಕೆ ಬಿಸಾಡುತ್ತಾನೆ. ನನ್ನ ಮಗಳು ಕೇಳಿದಳು: "ಅಪ್ಪ, ಚೋಮನ ಕಥೆಯಲ್ಲಿ ನಾವು ಯಾವ ಮನೆಯವರು?"

ಆ ಭಾನುವಾರ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಫೋನ್ ಮಾಡಿ ಅವಳೇ ಅಜ್ಜನನ್ನು ಕೇಳಿದಳು. ನಮ್ಮದು ಅಡಿಕೆ ತೋಟದ ಮನೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲೂ ಆಳುಗಳಿಗೆ ಹಿತ್ತಲಲ್ಲೇ ಕೂರಿಸಿ ಬಡಿಸ್ತಿದ್ರು ಪುಟ್ಟಿ. ಕಾಫಿ ಕೊಡ್ತಿದ್ದದ್ದು ತೆಂಗಿನ ಚಿಪ್ಪಲ್ಲಿ. ನಾನು ಹುಡುಗ ಆಗಿದ್ದಾಗ ಕಣ್ಣಾರೆ ನೋಡಿದೀನಿ" ಅಂದರು. ಅವಳು "ನೀವು ಯಾಕೆ ಅಂತ ಕೇಳಲಿಲ್ವಾ ಅಜ್ಜ?" ಅಂದಳು. "ಕೇಳಬಹುದು ಅಂತಲೇ ಗೊತ್ತಿರಲಿಲ್ಲ" ಎಂದರು. ನನಗೂ ಈ ಮಾತನ್ನು ಅವರು ಅದುವರೆಗೆ ಹೇಳಿರಲಿಲ್ಲ.

ಮಕ್ಕಳ ಮುಂದೆ ಜಾತಿಯ ಮಾತು ಏಕೆ, ಇಲ್ಲಿ ಹುಟ್ಟಿದವರಿಗೆ ಆ ಕೊಳೆ ಹತ್ತಿಸುವುದೇಕೆ ಎಂದು ನಮ್ಮಲ್ಲಿಯೇ ಒಬ್ಬರು ಕೇಳಿದರು. ಅವರ ಅಳುಕು ಸುಳ್ಳಲ್ಲ. ನನ್ನ ಅಭಿಪ್ರಾಯ ಬೇರೆ. ಇಂಟರ್ನೆಟ್ಟಿನಲ್ಲಿ ಅಥವಾ ಕಾಲೇಜಿನಲ್ಲಿ ಯಾರೋ ಜಗಳದ ಮಧ್ಯೆ ಹೇಳುವ ಬದಲು, ಕಾರಂತರಂಥವರ ಬಾಯಿಂದ, ಅಪ್ಪ ಅಮ್ಮ ಪಕ್ಕದಲ್ಲಿರುವಾಗ ಕೇಳುವುದು ಮೇಲು. ಕರ್ನಾಟಕದಲ್ಲಿ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಬಗ್ಗೆಯೂ ಹೇಳಿ. ಲಕ್ಷಾಂತರ ಗೇಣಿದಾರರಿಗೆ ನೆಲ ಸಿಕ್ಕಿತು. ಆದರೆ ಚೋಮ ಗೇಣಿದಾರನೂ ಆಗಿರಲಿಲ್ಲವಲ್ಲ, ಅಂಥವರ ಪಾಲಿಗೆ ಏನು ಬಂತು ಎಂದು ಮಕ್ಕಳೇ ಕೇಳುತ್ತಾರೆ. ಒಂದು ಎಚ್ಚರಿಕೆ: ಚೋಮನ ಮಗಳು ಬೆಳ್ಳಿಯ ಭಾಗ ದೊಡ್ಡವರ ವಿಷಯ. ಮೊದಲು ನೀವು ಓದಿ, ಎಷ್ಟು ಹೇಳಬೇಕೆಂದು ಯೋಚಿಸಿ. ಬಿ.ವಿ. ಕಾರಂತರ 1975ರ ಸಿನಿಮಾಕ್ಕೂ ಇದೇ ಮಾತು.

ಎಂಟನೇ ತರಗತಿಯವರಿಗೆ ಅಟ್ಲಾಂಟಾದ ಸಂಸದರಾಗಿದ್ದ ದಿವಂಗತ ಜಾನ್ ಲೂಯಿಸ್ ಅವರ 'ಮಾರ್ಚ್' ಚಿತ್ರಕಥೆ, ಮೂರು ಭಾಗ (2013ರಿಂದ 2016). ಕಾಮಿಕ್ಸ್ ಬಿಟ್ಟು ಬೇರೇನೂ ಮುಟ್ಟದವನಿಗೂ ನಡೆಯುತ್ತದೆ! 1956ರಲ್ಲಿ ಅಲಬಾಮದ ಟ್ರಾಯ್ ಊರಿನ ಲೈಬ್ರರಿಯಲ್ಲಿ, ಇದು ಬಿಳಿಯರಿಗೆ ಮಾತ್ರ ಎಂದು ಅವರಿಗೆ ಕಾರ್ಡ್ ಕೊಟ್ಟಿರಲಿಲ್ಲ. 1998ರಲ್ಲಿ ತಮ್ಮದೇ ಪುಸ್ತಕಕ್ಕೆ ಸಹಿ ಹಾಕಲು ಅಲ್ಲಿಗೆ ಹೋದಾಗ ಕಾರ್ಡ್ ಕೊಟ್ಟರು. ಜೋಡಿಗೆ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರು ಕೇರಿ'. ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರನ್ನು ಕಟ್ಟಿ ಉಳುತ್ತಿದ್ದಾರೆ, ಅವರಲ್ಲೊಬ್ಬ ತನ್ನ ಅಪ್ಪ. ಬಾಲ್ಯದ ಈ ನೆನಪು ಆರಂಭದಲ್ಲೇ ಬರುತ್ತದೆ. ಆದರೆ ಪುಸ್ತಕದ ತುಂಬ ನಗು. ಇಷ್ಟು ಕಷ್ಟ ಹೇಳುತ್ತಾ ಹೇಗೆ ನಗಿಸುತ್ತಾರೆ ಎಂದು ಮಕ್ಕಳನ್ನೇ ಕೇಳಿ ನೋಡಿ. ಇಂಗ್ಲಿಷ್ ಅನುವಾದವೂ ಇದೆ.

ಓದಿದ ಮೇಲೆ ಒಂದು ಶನಿವಾರ ಗ್ರೀನ್ಸ್‌ಬರೋಗೆ ಹೋಗಿಬನ್ನಿ. 1960ರ ಫೆಬ್ರವರಿ 1ರಂದು ನಾಲ್ವರು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಎದ್ದೇಳದೆ ಕೂತ ಜಾಗ ಈಗ ಮ್ಯೂಸಿಯಂ. ವಾಷಿಂಗ್ಟನ್ ಕಡೆಯವರಿಗೆ ಆ ಕೌಂಟರಿನ ಒಂದು ಭಾಗ ಸ್ಮಿತ್ಸೋನಿಯನ್‌ನ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲೇ ಇದೆ.

ಇಂಗ್ಲಿಷ್ ಪುಸ್ತಕಗಳಿಗೆ ನಿಮ್ಮ ಕೌಂಟಿ ಲೈಬ್ರರಿಯಲ್ಲಿ ವಿಚಾರಿಸಿ. ಕನ್ನಡದವಕ್ಕೆ ಡಿಸೆಂಬರಿನಲ್ಲಿ ಊರಿಗೆ ಹೋಗುವವರ ಸೂಟ್‌ಕೇಸೇ ಗತಿ. ಮೂರೂ ತೆಳ್ಳಗಿವೆ, ಉಪ್ಪಿನಕಾಯಿ ಪಕ್ಕದಲ್ಲಿ ಹಿಡಿಯುತ್ತವೆ. ಷಾರ್ಲೆಟ್ ಸುತ್ತಮುತ್ತ ಇರುವವರಿಗೆ ನನ್ನ ಪ್ರತಿಗಳನ್ನು ಕೊಡುತ್ತೇನೆ. 'ಊರು ಕೇರಿ' ಮಾತ್ರ ಸದ್ಯ ಬೇರೆಯವರ ಮನೆಯಲ್ಲಿದೆ, ಸ್ವಲ್ಪ ಕಾಯಬೇಕು.